ಟೀವಿಗೆ ಹೇಳಿದ ಮಾತುಗಳು

ಟೀವಿಯಲ್ಲಿ ಯಾರಾದರೂ ಕೊಲೆಯಾದರೆ ನನ್ನ ಬಲಗೈ ತಾನಾಗಿ ಮೇಲೇಳುತ್ತದೆ. ಎದ್ದದ್ದು ತೊಡೆಯ ಮೇಲೆ ಪಟ್ಟೆಂದು ಬೀಳುತ್ತದೆ. ಮತ್ತೆ ಏಳುತ್ತದೆ, ಮತ್ತೆ ಬೀಳುತ್ತದೆ. ಮದುವೆಯಾದ ಹೊಸದರಲ್ಲಿ ನಮ್ಮ ಯಜಮಾನರು ಇದನ್ನು ಗಮನಿಸಿ, ಏನೂ ಮಾತಾಡದೆ, ಸೋಫಾದ ಆ ತುದಿಗೆ ಸರಿದು ಕೂತರು. ಇಪ್ಪತ್ತೆರಡು ವರ್ಷವಾಯಿತು, ಇನ್ನೂ ಆ ತುದಿಯಲ್ಲೇ ಇದ್ದಾರೆ. ಮೊನ್ನೆ ಕೊರಟಗೆರೆಯ ಆಫೀಸಿನಿಂದ ದಣಿದು ಬಂದವರು ಕಾಫಿ ಕುಡಿಯುತ್ತ, "ಶಾರದಾ, ಆ ಮನುಷ್ಯ ಸತ್ತು ಹತ್ತು ನಿಮಿಷ ಆಯ್ತು. ನೀನು ಇನ್ನೂ ಯಾಕೆ ಹೊಡೀತಿದ್ದೀಯ?" ಎಂದರು. ಆಗ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡೆ. ಎರಡು ನಿಮಿಷಕ್ಕೆ ಸೆರಗೂ ಕುಣಿಯತೊಡಗಿತು.

ತಪ್ಪು ನನ್ನದಲ್ಲ, ಹುಣಸೆಹಣ್ಣಿನದು. ನಮ್ಮ ಕಡೆ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀವು ಬೇರೆ ಕಡೆಯವರಾದರೆ ಸ್ವಲ್ಪ ಕೇಳಿ. ಶಿವರಾತ್ರಿ ಕಳೆದು ಯುಗಾದಿ ಹತ್ತಿರ ಬರುವ ಹೊತ್ತಿಗೆ ಮರದಿಂದ ಉದುರಿಸಿದ ಹುಣಸೆ ಮನೆಯೊಳಗೆ ಬಂದು ರಾಶಿ ಬೀಳುತ್ತದೆ. ಬಿಸಿಲಿಗೆ ಹಾಕಬೇಕು, ಓಡು ಬಿಡಿಸಬೇಕು, ನಾರು ಎಳೆಯಬೇಕು. ಆಮೇಲೆ ಒಂದೊಂದೇ ಹಣ್ಣನ್ನು ಚಪ್ಪಟೆ ಕಲ್ಲಿನ ಮೇಲಿಟ್ಟು ಪುಟ್ಟ ಸುತ್ತಿಗೆಯಿಂದ ಬಡಿದು ಬೀಜ ಹಾರಿಸಬೇಕು. ಒಬ್ಬರೇ ಕೂತು ಮಾಡಿದರೆ ತಲೆ ಕೆಡುವ ಕೆಲಸ. ಅದಕ್ಕೇ ನಾಲ್ಕು ಜನ ಹೆಂಗಸರು ಒಟ್ಟಿಗೆ ಕೂರುತ್ತಾರೆ, ಕೂತವರ ಎದುರಿಗೆ ಟೀವಿ ಇರುತ್ತದೆ. ಪುರವರದ ಹತ್ತಿರದ ನಮ್ಮೂರಿನ ಮನೆಯಲ್ಲಿ ಸಂಜೆ ಆರೂವರೆಗೆ ಹಚ್ಚುತ್ತಿದ್ದದ್ದು ಒಂದು ಪತ್ತೇದಾರಿ ಧಾರಾವಾಹಿ. ನನ್ನ ಪಾಲಿಗೆ ಕೊಲೆ ಬೇರೆಯಲ್ಲ, ಹುಣಸೆ ಬಡಿಯುವುದು ಬೇರೆಯಲ್ಲ ಎಂಬಂತಾದದ್ದು ಹೀಗೆ.

ಆ ಸುತ್ತಿಗೆ ಸದ್ದೇ ನಮ್ಮ ವಿಮರ್ಶೆ. ಎಲ್ಲರ ಸುತ್ತಿಗೆಯೂ ಗಾಳಿಯಲ್ಲಿ ನಿಂತುಬಿಟ್ಟರೆ ಆ ಕಂತು ಚೆನ್ನಾಗಿದೆ ಎಂದರ್ಥ. ಟಕಟಕ ಎಂದು ನಡೆಯುತ್ತಲೇ ಇದ್ದರೆ ಕಥೆ ಬರೆದವನು ಆ ದಿನ ಸರಿಯಾಗಿ ನಿದ್ದೆ ಮಾಡಿಲ್ಲ ಎಂದರ್ಥ.

ಧಾರಾವಾಹಿಯಲ್ಲಿ ಒಬ್ಬ ಇನ್‌ಸ್ಪೆಕ್ಟರ್. ಸದಾ ಕಪ್ಪು ಕನ್ನಡಕ, ಮನೆಯೊಳಗೂ. ಸೋಮವಾರ ಹೆಣ ಸಿಗುತ್ತದೆ, ಶುಕ್ರವಾರ ಕೊಲೆಗಾರ ಸಿಗುತ್ತಾನೆ. ನಡುವಿನ ಮೂರು ದಿನ ನಮ್ಮದು. ಪಕ್ಕದ ಮನೆಯ ನಾಗಮ್ಮ ಪಾವಗಡದ ಆಚೆಯ ಹಳ್ಳಿಯಿಂದ ಸೊಸೆಯಾಗಿ ಬಂದವಳು. ಬಂದು ಮೂವತ್ತು ವರ್ಷವಾದರೂ ಗಾಬರಿಯಾದಾಗ ಅವಳ ಬಾಯಿಗೆ ತೆಲುಗೇ ಬರುವುದು. "ಅಯ್ಯೋ ದೇವುಡಾ, ಹೆಣ ಉಸ್ರಾಡ್ತಾ ಐತೆ ಚೂಡಂಡಿ! ಹೊಟ್ಟೆ ನೋಡ್ರಮ್ಮ, ಹೊಟ್ಟೆ!" ಎಂದು ಅವಳು ಕೂಗಿದರೆ ಕೊಲೆಯ ದುಃಖವೆಲ್ಲ ಹಾರಿಹೋಗುತ್ತಿತ್ತು. ನಾವೆಲ್ಲ ಮೊಣಕಾಲೂರಿ ಬಗ್ಗಿ ಹೆಣದ ಹೊಟ್ಟೆ ನೋಡುತ್ತಿದ್ದೆವು.

ಶಿರಾದ ಖಾದರ್ ಸಾಬರು ಹುಣಸೆಹಣ್ಣು ಕೊಳ್ಳಲು ಬರುವವರು. ಟೆಂಪೋ ಬಾಗಿಲಲ್ಲಿ ನಿಲ್ಲಿಸಿ ಐದು ನಿಮಿಷದಲ್ಲಿ ಹೋಗುತ್ತೇನೆ ಎಂದವರು ಹೊಸಿಲ ಮೇಲೆ ಕೂತು ಇಡೀ ಕಂತು ಮುಗಿಸಿ ಏಳುತ್ತಿದ್ದರು. "ಜೀಪ್ ನೋಡಮ್ಮ, ಎಷ್ಟು ಸಾಫ್ ಐತೆ! ಇದು ಕೊಲೆ ಹಿಡಿಯಾಕೆ ಹೊಂಟ ಜೀಪಾ, ದಿಬ್ಬಣಕ್ಕೆ ಹೊಂಟ ಜೀಪಾ? ಬರಗೂರು ರೋಡಲ್ಲಿ ಒಂದು ದಪ ಹೋಗಿ ಬರ್ಲಿ, ಆಮೇಲೆ ನಂಬ್ತೀನಿ" ಎನ್ನುತ್ತಿದ್ದರು.

ಆದರೆ ವಾಸ್ತವದ ವಿಷಯದಲ್ಲಿ ಕೊನೆಯ ಮಾತು ನಮ್ಮ ದೊಡ್ಡಮ್ಮನದು. ದೊಡ್ಡಮ್ಮ ಅಂದರೆ ಗಂಗಮ್ಮ, ನಮ್ಮ ದೊಡ್ಡಪ್ಪನ ಹೆಂಡತಿ. ಒಮ್ಮೆ ಸತ್ತವನ ಹೆಂಡತಿ ಇನ್‌ಸ್ಪೆಕ್ಟರಿಗೆ ಕಾಫಿ ತಂದುಕೊಟ್ಟಳು. ದೊಡ್ಡಮ್ಮನ ಸುತ್ತಿಗೆ ಅಲ್ಲೇ ನಿಂತಿತು. "ಥೂ, ಹೆಣ ಇನ್ನೂ ಎತ್ತಿಲ್ಲ, ಒಲೆ ಹಚ್ಚವ್ಳೆ! ಸಾವಿನ ಮನೇಲಿ ಒಲೆ ಹಚ್ತಾರೇನೇ? ಪಕ್ಕದ ಮನೆಯೋರು ತಂದ್ಕೊಡ್ಬೇಕು ಕಣಮ್ಮ. ಈ ಕಥೆ ಬರ್ದೋನ ಮನೇಲಿ ಯಾರೂ ಸತ್ತೇ ಇಲ್ವೇನೋ, ಪುಣ್ಯವಂತ" ಎಂದಳು. ಹುಣಸೆ ಕಾಲಕ್ಕೆ ತವರಿಗೆ ಬಂದು ಹೋಗುವ ನಾನು ಮಧುಗಿರಿಯ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಮ್ಮ, ಎಂ.ಎ. ಓದಿದವಳು. ಸುಮ್ಮನಿರಲಾಗಲಿಲ್ಲ. ಜೀವನದ ಸತ್ಯ ಬೇರೆ, ಕಲೆಯ ಸತ್ಯ ಬೇರೆ ಎಂದು ಹತ್ತು ನಿಮಿಷ ಪಾಠ ಮಾಡಿದೆ. ದೊಡ್ಡಮ್ಮ ಪೂರ್ತಿ ಕೇಳಿ, "ಆಯ್ತು ಬುಡವ್ವ. ಆ ಸತ್ಯದಾಗೆ ಕಾಫಿಗೆ ಹಾಲು ಯಾರು ಕರೆದ್ರು?" ಎಂದಳು. ಆಮೇಲೆ ನಾನು ಕಲೆಯ ಸತ್ಯದ ಸುದ್ದಿಗೆ ಹೋಗಲಿಲ್ಲ.

ಇನ್ನು ಕೊಲೆ ಯಾಕಾಯಿತು ಎಂಬುದು. ನಾಗಮ್ಮನಿಗೆ ಎಲ್ಲ ಕೊಲೆಯೂ ಆಸ್ತಿಗಾಗಿ. ಕೊಂದವನು ಭಿಕ್ಷುಕನಾದರೂ ಸರಿ. ದೊಡ್ಡಮ್ಮನಿಗೆ ಎಲ್ಲ ಕೊಲೆಯೂ ಸೊಸೆಯದು. ಮನೆಯಲ್ಲಿ ಸೊಸೆಯೇ ಇಲ್ಲದಿದ್ದರೆ ಮುಂದೆ ಸೊಸೆಯಾಗುವವಳದು. ನಾನು ಸುಳಿವು ಹಿಡಿದು ಹೋಗುವವಳು: ಕಿಟಕಿ ಯಾಕೆ ತೆರೆದಿತ್ತು, ಡ್ರೈವರ್ ಯಾಕೆ ಬೆವರಿದ. ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ಕೊಲೆಗಾರನನ್ನೂ ನಾನು ಸರಿಯಾಗಿ ಹೇಳಿಲ್ಲ. ಕೊನೆಕೊನೆಗೆ ನಾನು ಯಾರ ಹೆಸರು ಹೇಳುತ್ತೇನೋ ಅವನನ್ನು ಎಲ್ಲರೂ ಕೂಡಲೇ ಬಿಟ್ಟುಬಿಡುತ್ತಿದ್ದರು. "ಶಾರಿ ಅವನ್ನ ಅಂದ್ಲಾ? ಹಂಗಾದ್ರೆ ಅವ್ನು ದೇವ್ರಂಥೋನು."

ಇನ್ನುಳಿದವಳು ಚಿಕ್ಕಮ್ಮ, ಜಯಮ್ಮ, ನಮ್ಮ ಚಿಕ್ಕಪ್ಪನ ಹೆಂಡತಿ. ಅವಳದು ಯಾವಾಗಲೂ ಆರೋಪಿಯ ಕಡೆಯ ವಕಾಲತ್ತು. ಕೈಯಲ್ಲಿ ರಕ್ತ ಸುರಿಯುವ ಚಾಕು ಹಿಡಿದು ನಿಂತವನನ್ನು ನೋಡಿಯೂ, "ತರಕಾರಿ ಹೆಚ್ತಿದ್ನೇನೋ ಪಾಪ" ಎನ್ನುವವಳು.

ಟೀವಿ ಬರುವ ಮೊದಲು ನಮ್ಮ ಮನೆಯ ಪತ್ತೇದಾರಿ ನಮ್ಮಜ್ಜಿ. ಒಮ್ಮೆ ಅಟ್ಟದ ಗಡಿಗೆಯಿಂದ ಬೆಲ್ಲದ ಅಚ್ಚೊಂದು ಕಾಣೆಯಾಯಿತು. ರಜೆಗೆ ಬಂದ ಅತ್ತೆಯ ಮಕ್ಕಳೂ ಸೇರಿ ನಾವು ಐದು ಜನ ಮಕ್ಕಳು, ಐದೂ ಜನ ದೇವರಾಣೆ ಹಾಕಿದೆವು. ಅಜ್ಜಿ ಯಾರನ್ನೂ ಬೈಯಲಿಲ್ಲ, ಸುಮ್ಮನೆ ನಡುಮನೆಯಲ್ಲಿ ಅಡಿಕೆ ಜಗಿಯುತ್ತ ನೆಲ ನೋಡುತ್ತ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಇರುವೆ ಸಾಲೊಂದು ಗೋಡೆಯಿಂದ ಇಳಿದು, ಚಾಪೆ ದಾಟಿ, ನೇರವಾಗಿ ನನ್ನ ಲಂಗದ ಜೇಬಿಗೆ ಬಂತು. ಅಜ್ಜಿ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಲಂಗ ಒದರಿ, ಬಾಯಿ ತೊಳೆಸಿ, ಒಳಗೆ ಬಂದು ಎಲ್ಲರ ಮುಂದೆ, "ಇಲಿ ಕಣ್ರೋ. ನಾನೇ ಕಣ್ಣಾರೆ ಕಂಡೆ" ಎಂದಳು. ಇಲಿಗೆ ಆಮೇಲೆ ಒಂದು ವಾರ ಬೋನಿಟ್ಟಿದ್ದರು. ಅಪರಾಧಿ ಸಿಕ್ಕ ಮೇಲೂ ಹೆಸರು ಹೇಳದ ಪತ್ತೇದಾರಿಯನ್ನು ನಾನು ಆ ಮೇಲೆ ಯಾವ ಧಾರಾವಾಹಿಯಲ್ಲೂ ಕಂಡಿಲ್ಲ.

ಅಜ್ಜಿಯ ಸಾವಿನಿಂದಲೇ ನಮ್ಮ ಮನೆಯ ಮಾತು ನಿಂತದ್ದು. ಅವಳ ಕಿಡ್ನಿ ಕೆಟ್ಟಿತ್ತು. ಉಪ್ಪು, ಹುಳಿ, ಬೆಲ್ಲ ಯಾವುದೂ ಕೂಡದು ಎಂದು ಡಾಕ್ಟರು ಹೇಳಿದ್ದರು. ಮನೆಗೆ ಕರೆದುಕೊಂಡು ಹೋಗಿ, ಇನ್ನು ಕೆಲವೇ ದಿನ ಎಂದೂ ಹೇಳಿದ್ದರು. ಹದಿನೈದು ದಿನ ಸಪ್ಪೆ ಗಂಜಿ ಕುಡಿದಳು. ಒಂದು ಸಂಜೆ ಚಿಕ್ಕಮ್ಮ ಅವಳಿಗೆ ಚಿಗಳಿ ಕೊಟ್ಟಳು. ಹುಣಸೆಹಣ್ಣು, ಬೆಲ್ಲ, ಉಪ್ಪು, ಮೆಣಸಿನಕಾಯಿ, ಜೀರಿಗೆ ಸೇರಿಸಿ ಕುಟ್ಟಿ ಕಡ್ಡಿಗೆ ಅಂಟಿಸಿ ಮಕ್ಕಳಿಗೆ ಚೀಪಲು ಕೊಡುತ್ತೇವಲ್ಲ, ಅದು. ಮರುದಿನ ಬೆಳಗಾಗುವಷ್ಟರಲ್ಲಿ ಅಜ್ಜಿ ಇರಲಿಲ್ಲ. ದಿಂಬಿನ ಕೆಳಗೆ ದೊಡ್ಡಮ್ಮನಿಗೆ ಚಿಗಳಿ ಕಡ್ಡಿ ಸಿಕ್ಕಿತು. ನೆಂಟರಿಷ್ಟರೆಲ್ಲ ಸೇರಿದ್ದ ಅಂಗಳದಲ್ಲಿ ದೊಡ್ಡಮ್ಮ ಆ ಕಡ್ಡಿ ಎತ್ತಿ ಹಿಡಿದು, ಚಿಕ್ಕಮ್ಮನ ಮುಖ ನೋಡಿ, "ನೀನೇ ಕೊಂದೆ" ಎಂದಳು. ಚಿಕ್ಕಮ್ಮ ಒಂದು ಮಾತೂ ಆಡಲಿಲ್ಲ. ಆವತ್ತೇ ಕೊನೆ. ಹನ್ನೊಂದು ವರ್ಷ ವಾರಗಿತ್ತಿಯರಿಬ್ಬರೂ ಮಾತಾಡಲಿಲ್ಲ.

ನಮ್ಮಪ್ಪ ಅಮ್ಮ ಆ ಹೊತ್ತಿಗಾಗಲೇ ತೀರಿಕೊಂಡಿದ್ದರು. ದೊಡ್ಡಪ್ಪ, ಚಿಕ್ಕಪ್ಪ ಚೆನ್ನಾಗಿಯೇ ಇದ್ದರು. ಮನೆ ಎರಡಾಯಿತು, ಅಡುಗೆಮನೆ ಎರಡಾಯಿತು. ನಡುಮನೆ ಮಾತ್ರ ಒಂದೇ ಉಳಿಯಿತು, ಕಾರಣ ಟೀವಿ. ಅದನ್ನು ನಮ್ಮಪ್ಪ ಅಜ್ಜಿಗೆಂದು ತಂದುಕೊಟ್ಟದ್ದು. ಅಜ್ಜಿಯ ಟೀವಿಯನ್ನು ತನ್ನ ಪಾಲಿಗೆ ಎಳೆದುಕೊಳ್ಳುವ ಧೈರ್ಯ ಯಾರಿಗೂ ಬರಲಿಲ್ಲ. ಹಾಗಾಗಿ ಈ ಗೋಡೆಗೆ ಒರಗಿ ದೊಡ್ಡಮ್ಮ, ಆ ಗೋಡೆಗೆ ಒರಗಿ ಚಿಕ್ಕಮ್ಮ, ನಡುವೆ ಹುಣಸೆಯ ರಾಶಿ, ಎದುರಿಗೆ ಟೀವಿ.

ಆದರೆ ಒಂದೇ ಸೂರಿನ ಕೆಳಗೆ ಮಾತಿಲ್ಲದೆ ಬದುಕುವುದು ಹೇಗೆ? ಹಾಲು ಉಕ್ಕುತ್ತದೆ, ಕೋಳಿ ಕಾಳಿಗೆ ಬಾಯಿ ಹಾಕುತ್ತದೆ. ಮೊದಮೊದಲು ನಡುವೆ ಯಾರಾದರೂ ಇದ್ದರೆ ಅವರ ಮೂಲಕ ಹೇಳುತ್ತಿದ್ದರು. ಯಾರೂ ಇಲ್ಲದಾಗ ಟೀವಿಗೆ ಹೇಳತೊಡಗಿದರು. "ಲೇ ಟೀವಿ, ಯಾರ್ದೋ ಒಲೆ ಮೇಲೆ ಹಾಲು ಉಕ್ತಾ ಐತೆ." ಕೂಡಲೇ ಆ ಗೋಡೆಯಿಂದ ಚಿಕ್ಕಮ್ಮ ಎದ್ದು ಓಡುವಳು. ಬಂದು ಕೂತು, "ಲೇ ಟೀವಿ, ಉಳೀತು ಬುಡು" ಎನ್ನುವಳು. "ಲೇ ಟೀವಿ, ಸೌಂಡ್ ಕಮ್ಮಿ ಮಾಡ್ಕೊ, ತಲೆ ನೋಯ್ತಾ ಐತೆ" ಎಂದು ಒಬ್ಬಳೆಂದರೆ ರಿಮೋಟ್ ಹತ್ತಿರವಿದ್ದ ಇನ್ನೊಬ್ಬಳು ಕಮ್ಮಿ ಮಾಡುವಳು. ಮಾಡಿ, ಅದು ತಾನಾಗಿಯೇ ಕಮ್ಮಿಯಾಯಿತು ಎಂಬಂತೆ ರಿಮೋಟನ್ನು ಕೆಳಗಿಡುವಳು. ಇನ್‌ಸ್ಪೆಕ್ಟರ್ ಒಳಗೆ ಯಾರದೋ ಕಪಾಳಕ್ಕೆ ಹೊಡೆಯುತ್ತಿದ್ದರೆ ಹೊರಗೆ ಇವರು ಅವನ ಮುಖಕ್ಕೇ ನೇರವಾಗಿ, "ನಾಳೆ ನೀರು ಬಿಡಲ್ವಂತೆ, ಹಂಡೆ ತುಂಬ್ಸಿಕೊಳ್ಳೋರು ತುಂಬ್ಸಿಕೊಳ್ಲಿ" ಎನ್ನುತ್ತಿದ್ದರು. ನನ್ನ ಗಂಡ ಮೊದಲ ಸಲ ಇದನ್ನು ಕಂಡಾಗ ನನ್ನನ್ನು ಹೊರಗೆ ಕರೆದು, "ನಿಮ್ಮ ವಂಶದಲ್ಲಿ ಇನ್ಯಾರಿಗೆ ಹೀಗಿದೆ?" ಎಂದು ಗುಟ್ಟಾಗಿ ಕೇಳಿದ್ದರು.

ನಗುತ್ತೇವೆ, ಆದರೆ ಅದು ನಗುವ ವಿಷಯವಾಗಿರಲಿಲ್ಲ. ಚಿಕ್ಕಮ್ಮನಿಗೆ ಒಬ್ಬಳೇ ಮಗಳು, ಸವಿತಾ. ದೊಡ್ಡಮ್ಮನಿಗೆ ಮಕ್ಕಳಿಲ್ಲ. ಸವಿತಾ ಹುಟ್ಟಿದಾಗಿನಿಂದ ದೊಡ್ಡಮ್ಮನ ಮಡಿಲಲ್ಲೇ ಬೆಳೆದವಳು. ಅವಳಿಗೆ ಎಣ್ಣೆ ನೀರು ಹಾಕಿದ್ದು, ಜಡೆ ಹೆಣೆದದ್ದು, ಜ್ವರ ಬಂದಾಗ ಹೊತ್ತುಕೊಂಡು ಬಸ್ಸಿಗೆ ಓಡಿದ್ದು ದೊಡ್ಡಮ್ಮ. ಮಾತು ನಿಂತ ಮೇಲೂ ಈ ಹುಡುಗಿಗೆ ಗಡಿ ಇರಲಿಲ್ಲ. ಬೆಳಗಿನ ರೊಟ್ಟಿ ಇಲ್ಲಿ, ರಾತ್ರಿಯ ಮುದ್ದೆ ಅಲ್ಲಿ.

ಹೋದ ವರ್ಷ ಸವಿತಾಳಿಗೆ ತೋವಿನಕೆರೆಯ ಹುಡುಗನೊಂದಿಗೆ ಮದುವೆ ಗೊತ್ತಾಯಿತು. ಇನ್ನು ಒಂದು ತಿಂಗಳಿದೆ ಎನ್ನುವಾಗ ಅವಳು ನನಗೆ ಫೋನ್ ಮಾಡಿ ಅತ್ತಳು. "ಅಕ್ಕಾ, ದೊಡ್ಡಮ್ಮ ಮದುವೆಗೆ ಬರಲ್ವಂತೆ. ಬಾಯ್ತುಂಬ ಕರೀದೆ ಹೆಂಗೆ ಬರ್ಲಿ ಅಂತಾಳೆ. ಅಮ್ಮನ್ನ ಕೇಳಿದ್ರೆ, ಅವ್ಳು ಆಡಿದ ಮಾತು ವಾಪಸ್ ತಗೊಳ್ಳೋವರ್ಗೂ ನಾನು ಬಾಯಿ ಬಿಡಲ್ಲ ಅಂತಾಳೆ. ದೊಡ್ಡಮ್ಮ ಇಲ್ದೆ ನಾನು ಹಸೆ ಮೇಲೆ ಕೂರಲ್ಲ ಕಣಕ್ಕ. ನೀನು ಬಂದು ಏನಾದ್ರೂ ಮಾಡು." ನಮ್ಮಲ್ಲಿ ಅದು ದೊಡ್ಡ ಪದ್ಧತಿ. ಕಾರ್ಡು ಕೊಟ್ಟರೆ ಆಗದು, ಫೋನು ಮಾಡಿದರೆ ಆಗದು, ಮಗಳನ್ನು ಕಳಿಸಿದರೂ ಆಗದು. ಮದುವೆಯ ಮನೆಯ ಹೆಂಗಸು ಕುಂಕುಮದ ಬಟ್ಟಲು ಹಿಡಿದು ಬಂದು, ಹಣೆಗಿಟ್ಟು, ತನ್ನ ಬಾಯಿಂದ ಬಾ ಎನ್ನಬೇಕು. ಟೀವಿಗೆ ಹೇಳಿದರೆ ನಡೆಯುವ ಮಾತಲ್ಲ ಅದು.

ಒಂದು ವಾರ ರಜೆ ಹಾಕಿ ಹೋದೆ. ರಾಜಿ ಮಾಡಿಸುತ್ತೇನೆಂದು ಬಸ್ಸಿನಲ್ಲಿ ಎರಡು ಭಾಷಣ ತಯಾರು ಮಾಡಿಕೊಂಡಿದ್ದೆ, ಒಬ್ಬೊಬ್ಬರಿಗೆ ಒಂದೊಂದು. ದೊಡ್ಡಮ್ಮನಿಗೆ ಮೊದಲ ವಾಕ್ಯ ಹೇಳುವಷ್ಟರಲ್ಲಿ, "ಸುಮ್ಕೆ ಹುಣಸೆ ಬಡಿ" ಎಂದು ಸುತ್ತಿಗೆ ಕೈಗೆ ಕೊಟ್ಟಳು. ಚಿಕ್ಕಮ್ಮ ಎರಡನೆಯ ವಾಕ್ಯದವರೆಗೆ ಕೇಳಿ ಸುತ್ತಿಗೆ ಕೊಟ್ಟಳು. ಸೋಮವಾರದಿಂದ ಬಡಿಯುತ್ತ ಕೂತೆ.

ಆ ವಾರದ ಕೊಲೆ ಹೀಗಿತ್ತು. ದೊಡ್ಡ ಬಂಗಲೆ. ಸಕ್ಕರೆ ಕಾಯಿಲೆಯ ಮುದುಕ. ಬೆಳಿಗ್ಗೆ ನೋಡಿದರೆ ಸತ್ತಿದ್ದಾನೆ, ಪಕ್ಕದಲ್ಲಿ ಲಾಡಿನ ಡಬ್ಬಿ ಅರ್ಧ ಖಾಲಿಯಾಗಿದೆ. ಲಾಡು ಕೊಟ್ಟವಳು ಕಿರಿಯ ಸೊಸೆ. ಅವಳು ಬೇಕೆಂದೇ ಕೊಟ್ಟು ಕೊಂದಳೇ?

ನನಗೆ ಸೋಮವಾರವೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನಾನು ಆ ಬಂಗಲೆಯ ಡ್ರೈವರನ ಹಿಂದೆ ಬಿದ್ದಿದ್ದೆ, ಅವನ ಷೂಸಿಗೆ ಮಣ್ಣಾಗಿತ್ತು. ಮಂಗಳವಾರ ನಾಗಮ್ಮ, "ಆಸ್ತಿ ಕಣಮ್ಮ, ಇನ್ನೇನು" ಎಂದಳು. ದೊಡ್ಡಮ್ಮ ಏನೂ ಹೇಳಲಿಲ್ಲ. ಎದುರಿಗೆ ಆರೋಪಿಯಾಗಿ ನಿಂತಿರುವವಳೇ ಸೊಸೆ, ಆದರೂ ದೊಡ್ಡಮ್ಮ ಅವಳ ಹೆಸರೆತ್ತಲಿಲ್ಲ. ಚಿಕ್ಕಮ್ಮ ಅವಳ ಪರವಾಗಿ ವಕಾಲತ್ತು ಹೂಡಲಿಲ್ಲ. ಇಬ್ಬರ ಸುತ್ತಿಗೆಗಳೂ ನಿಲ್ಲದೆ ನಡೆದವು. ಈ ಕಂತು ಯಾಕೋ ಸಪ್ಪೆ ಎಂದುಕೊಂಡೆ. ಸುಳಿವು ಹುಡುಕುವವಳ ಕಣ್ಣಿಗೆ ಇಷ್ಟು ಕಾಣದೆ ಹೋಯಿತು.

ಶುಕ್ರವಾರ ಇನ್‌ಸ್ಪೆಕ್ಟರ್ ಆ ಸೊಸೆಯನ್ನು ಕುರ್ಚಿಯಲ್ಲಿ ಕೂರಿಸಿ, ಮೇಜು ಗುದ್ದಿ, "ಹೇಳು, ಯಾಕೆ ಕೊಟ್ಟೆ? ನಿನ್ನ ಉದ್ದೇಶ ಏನು?" ಎಂದ. ಅವಳು ತಲೆ ಎತ್ತಿದಳು. ಅಷ್ಟಕ್ಕೆ ಜಾಹೀರಾತು ಬಂತು. ನಾಗಮ್ಮ, "ಹಸು ಕರ್ದು ಓಡ್ಬತ್ತೀನಿ, ಏನಾಯ್ತು ಚೆಪ್ಪಂಡಿ" ಎಂದು ಎದ್ದು ಹೋದಳು. ನಾನು, ತರಗತಿಯಲ್ಲಿ ಮಕ್ಕಳನ್ನು ಎಬ್ಬಿಸಿ ನಿಲ್ಲಿಸುವ ಅದೇ ಉತ್ಸಾಹದಲ್ಲಿ ತಿರುಗಿ, "ನೀನೇ ಹೇಳು ದೊಡ್ಡಮ್ಮ, ಅವಳು ಯಾಕೆ ಕೊಟ್ಟಿರಬಹುದು?" ಎಂದುಬಿಟ್ಟೆ.

ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ನನ್ನಂಥ ಪೆದ್ದು ಇನ್ನೊಬ್ಬಳಿಲ್ಲ ಎಂದು ಆ ಕ್ಷಣದಲ್ಲಿ ನನಗೇ ಖಾತ್ರಿಯಾಯಿತು.

ದೊಡ್ಡಮ್ಮ ಇನ್ನೊಂದು ಹಣ್ಣನ್ನು ಕಲ್ಲಿನ ಮೇಲಿಟ್ಟಳು. ಆ ಗೋಡೆಯಿಂದ ಚಿಕ್ಕಮ್ಮನ ದನಿ ಬಂತು. "ಲೇ ಟೀವಿ, ಅದೇನು ಅಂಗೆ ಕೇಳ್ತಾರೆ? ಸಾಯೋ ಜೀವ ಬಾಯ್ಬಿಟ್ಟು ಕೇಳ್ತು, ಕೊಟ್ಲು. ಅದಕ್ಕೂ ಒಂದು ಉದ್ದೇಶ ಬೇಕಾ?"

ದೊಡ್ಡಮ್ಮ ಟೀವಿಯನ್ನೇ ನೋಡುತ್ತ, "ಡಾಕ್ಟ್ರು ಬ್ಯಾಡ ಅಂದಿದ್ರು ಅನ್ನು" ಎಂದಳು.

"ಇನ್ನೆಲ್ಡೇ ದಿನ ಅಂತಲೂ ಡಾಕ್ಟ್ರೇ ಅಂದಿದ್ರು ಅನ್ನು."

"ಎಲ್ಡು ದಿನ ಆದ್ರೂ ಇರ್ತಿತ್ತು ಅನ್ನು."

"ಇದ್ದು? ಉಪ್ಪಿಲ್ಲದ ಗಂಜಿ ಎಲ್ಡು ದಿನ ಜಾಸ್ತಿ ಕುಡೀತಿತ್ತು ಅನ್ನು."

ಟೀವಿಯಲ್ಲಿ ಒಬ್ಬ ಹುಡುಗಿ ತಲೆಗೆ ಶಾಂಪೂ ಹಾಕಿಕೊಂಡು ನಗುತ್ತಿದ್ದಳು. ಪಾಪ, ಹನ್ನೊಂದು ವರ್ಷದ ಜಗಳ ಅವಳ ಮುಖಕ್ಕೆ ಬೀಳುತ್ತಿದೆ ಎಂದು ಅವಳಿಗೇನು ಗೊತ್ತು. ದೊಡ್ಡಮ್ಮ ಮತ್ತೇನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಕರೆಂಟು ಹೋಯಿತು.

ನಮ್ಮೂರಿನಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ. ಹೋದ ಕೂಡಲೇ ಯಾರಾದರೂ ಬೈದು, ಯಾರಾದರೂ ಎದ್ದು ದೀಪ ಹಚ್ಚುತ್ತಾರೆ. ಆವತ್ತು ಯಾರೂ ಬೈಯಲಿಲ್ಲ, ಯಾರೂ ಏಳಲಿಲ್ಲ. ಬಾಗಿಲಿನಿಂದ ಸಂಜೆಯ ಅಷ್ಟಿಷ್ಟು ಬೆಳಕು ಬರುತ್ತಿತ್ತು. ಗೋಡೆಗೊರಗಿದ ಎರಡು ಆಕಾರ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಟೀವಿ ಇದ್ದ ಕಡೆ ಕತ್ತಲೆ. ಇನ್ನು ಇವರು ಯಾರಿಗೆ ಹೇಳಬೇಕು? ನನಗೆ ಭಯವಾಯಿತು. ಎಲ್ಲ ಇಲ್ಲಿಗೇ ನಿಂತುಹೋಯಿತು, ಇನ್ನು ಮೇಲೆ ಈ ವಿಷಯ ಎಂದೂ ಬರುವುದಿಲ್ಲ, ಸವಿತಾ ಅಳುತ್ತಲೇ ಹಸೆಗೆ ಕೂರುತ್ತಾಳೆ ಅಂದುಕೊಂಡೆ.

"ನನ್ನೇ ಮೊದ್ಲು ಕೇಳಿದ್ಲು."

ದೊಡ್ಡಮ್ಮನ ದನಿ. ಆದರೆ ನಾನು ಅದುವರೆಗೆ ಕೇಳಿದ ದನಿಯಲ್ಲ.

"ಮೂರು ದಿನ ಕೇಳಿದ್ಲು. ಗಂಗೀ, ಒಂದ್ ಚೂರು ಚಿಗಳಿ ಕುಟ್ಕೊಡೇ, ನಾಲಿಗೆ ಸತ್ತೋಗೈತೆ ಅಂತ. ಮಗಾ ಕೇಳ್ದಂಗೆ ಕೇಳಿದ್ಲು. ಸುಮ್ಕೆ ಬಿದ್ಕೊ ಅತ್ತೆ ಅಂತ ಗದರಿಬುಟ್ಟೆ ನಾನು. ಬೆಳಿಗ್ಗೆ ಎದ್ದು ನೋಡ್ತೀನಿ, ದಿಂಬಿನ ಕೆಳಗೆ ಕಡ್ಡಿ ಐತೆ. ಮುಖದಾಗೆ ಒಂಥರಾ ಸಮಾಧಾನ ಐತೆ. ನಾನು ಕೊಡ್ಲಿಲ್ಲ, ನೀನು ಕೊಟ್ಟೆ. ಅದು ತಡ್ಕಳಾಕಾಗ್ಲಿಲ್ಲ ಕಣೇ ನಂಗೆ. ಅದಕ್ಕೇ ಕೊಂದೆ ಅಂದ್ಬುಟ್ಟೆ. ಇನ್ನೇನೂ ಇರ್ಲಿಲ್ಲ."

ಅವಳು 'ನೀನು' ಎಂದಿದ್ದಳು. 'ಕಣೇ' ಎಂದಿದ್ದಳು. ಹನ್ನೊಂದು ವರ್ಷದ ಮೇಲೆ.

"ನಂಗೊತ್ತು ಕಣಕ್ಕ" ಎಂದಳು ಚಿಕ್ಕಮ್ಮ.

"ಏನ್ ಗೊತ್ತು?"

"ಅತ್ತೆ ನಿನ್ನ ಕೇಳಿದ್ದು, ನೀನು ಗದರಿದ್ದು. ಚೀಪ್ತಾ ಚೀಪ್ತಾ ಎಲ್ಲಾ ಅವ್ರೇ ಹೇಳಿದ್ರು. ಗಂಗೀ ನಾನು ಬದುಕ್ಲಿ ಅಂತ ಗದರ್ತಾಳೆ, ನಾನು ಹೋದ್ಮೇಲೆ ಕೊಡ್ಲಿಲ್ವಲ್ಲಾ ಅಂತ ಕೊರಗ್ತಾಳೆ. ನಂಗೆ ಚಿಗಳಿ ಆಸೆ ಇತ್ತು ಅನ್ನೋದ್ನೇ ಇನ್ಮುಂದೆ ಯಾರೂ ಎತ್ಬೇಡಿ ಅಂದ್ರು. ಕಡ್ಡಿ ಎಸ್ದು ಬರಾನ ಅಂತಿದ್ದೆ. ಕೂತಲ್ಲೇ ನಂಗೆ ನಿದ್ದೆ ಹತ್ಬುಡ್ತು."

ದೊಡ್ಡಮ್ಮನಿಗೆ ಒಮ್ಮೆಲೇ ಸಿಟ್ಟು ಬಂತು. "ಮತ್ತೆ ಅಷ್ಟು ಜನದ ಮುಂದೆ ನಾನು ಅಂದಾಗ ಬಾಯಿಗೆ ಏನಾಗಿತ್ತ್ಲೇ ನಿಂಗೆ? ನಿನ್ನೂ ಕೇಳಿದ್ರು, ನೀನು ಕೊಡ್ಲಿಲ್ಲ ಅಂತ ಒಂದು ಮಾತು ಅಂದಿದ್ರೆ ಆಗ್ತಿತ್ತಲ್ಲ! ಕೊಲೆಗಾತಿ ಅನ್ನಿಸ್ಕಂಡು ಹನ್ನೊಂದು ವರ್ಷ ಕೂತಿದ್ದೆಯಲ್ಲೇ, ಯಾವ ಕರ್ಮಕ್ಕೆ?"

"ಅಂದಿದ್ರೆ ನೀನು ಬದುಕ್ತಿದ್ದೇನಕ್ಕಾ?" ಎಂದಳು ಚಿಕ್ಕಮ್ಮ.

ನಾನು ಅತ್ತುಬಿಟ್ಟೆ. ನಾಚಿಕೆಯಿಲ್ಲದೆ, ಹುಣಸೆ ಮೆತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡು, ಕಣ್ಣು ಉರಿದು, ಇನ್ನೂ ಜೋರಾಗಿ ಅತ್ತೆ. ಎಷ್ಟು ವರ್ಷದಿಂದ ನಾವು ನಾಲ್ಕು ಜನ ಕೂತು ಯಾರು ಯಾಕೆ ಕೊಂದರು ಎಂದು ಹುಡುಕಿದ್ದೆವು! ಆಸ್ತಿಗೆ, ಸಿಟ್ಟಿಗೆ, ಹೊಟ್ಟೆಕಿಚ್ಚಿಗೆ. ಒಬ್ಬಳು ಯಾಕೆ ಸುಮ್ಮನಿದ್ದಾಳೆ ಎಂದು ಯಾರೂ ಒಂದು ದಿನ ಕೇಳಲಿಲ್ಲ. ಚಿಕ್ಕಮ್ಮನಿಗೆ ಹಟ, ಜಂಭ ಎಂದು ನಾನೇ ನಮ್ಮ ಯಜಮಾನರಿಗೆ ಎಷ್ಟು ಸಲ ಹೇಳಿಲ್ಲ. ದೊಡ್ಡಮ್ಮನದು ಕಲ್ಲೆದೆ ಎಂದೂ ನಾನೇ ಹೇಳಿದವಳು. ನನ್ನ ಊಹೆಯ ವಿಷಯ ನಿಮಗೆ ಆಗಲೇ ಹೇಳಿದ್ದೇನೆ.

"ತಪ್ಪಾಯ್ತು ಕಣೇ ಜಯಾ" ಎಂದಳು ದೊಡ್ಡಮ್ಮ. "ಆ ಮಾತು ಅನ್ಬಾರ್ದಿತ್ತು. ಅಂದ ದಿನದಿಂದ ಗಂಟ್ಲಾಗೆ ಸಿಗಾಕ್ಕಂಡೈತೆ."

"ಬುಡಕ್ಕ. ಅತ್ಲಾಗಿ ಹೋಗ್ಲಿ."

ಕರೆಂಟು ಬಂತು. ಟೀವಿ ಒಮ್ಮೆಲೇ ಅರಚಿಕೊಂಡಿತು. ಇನ್‌ಸ್ಪೆಕ್ಟರ್ ಯಾರಿಗೋ ಬೇಡಿ ಹಾಕುತ್ತಿದ್ದ. ಕೊಲೆಗಾರ ಡ್ರೈವರನೇ ಇರಬಹುದೇನೋ ಎಂದು ನಾನು ಕತ್ತು ನೀಡಿ ನೋಡಹೋದೆ. ದೊಡ್ಡಮ್ಮ ನನ್ನತ್ತ ತಿರುಗಿ, "ಆರ್ಸೇ ಅದನ್ನ! ಮನುಷ್ಯರು ಮಾತಾಡ್ತಿರೋದು ಕಾಣಾಕಿಲ್ವಾ?" ಎಂದು ಗದರಿದಳು. ಆರಿಸಿದೆ.

ಬೆಳಕಿನಲ್ಲಿ ಇಬ್ಬರಿಗೂ ನಾಚಿಕೆಯಾಯಿತೆಂದು ಕಾಣುತ್ತದೆ. ದೊಡ್ಡಮ್ಮ ಮೂಗು ಸೀಟಿಕೊಂಡು ಸೆರಗಿನಿಂದ ಒರೆಸಿಕೊಂಡಳು. ಚಿಕ್ಕಮ್ಮ ಒಂದು ಹಣ್ಣು ಕೈಗೆತ್ತಿಕೊಂಡು ಬಡಿಯದೆ ತಿರುಗಿಸುತ್ತ ಕೂತಳು. ಹನ್ನೊಂದು ವರ್ಷ ಮಾತು ಬಿಟ್ಟವರಿಗೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದು. ನಾನಾಗಿದ್ದರೆ ಬಸ್ಸಿನಲ್ಲಿ ತಯಾರು ಮಾಡಿದ ಭಾಷಣ ತೆಗೆಯುತ್ತಿದ್ದೆ. ಪುಣ್ಯಕ್ಕೆ ಈ ಸಲ ಬಾಯಿ ಮುಚ್ಚಿಕೊಂಡಿದ್ದೆ.

ಕೊನೆಗೆ ಚಿಕ್ಕಮ್ಮ ತಲೆಯೆತ್ತಿ ದೊಡ್ಡಮ್ಮನ ಮುಖವನ್ನೇ ನೋಡುತ್ತ, ಮೆಲ್ಲಗೆ, "ನಾಳೆ ಬೆಳಿಗ್ಗೆ ಸ್ನಾನ ಮಾಡ್ಕಂಡು ಕುಂಕುಮ ತಗಂಡ್ಬಂದು ಕರೀತೀನಿ ಕಣಕ್ಕ, ಮದ್ವೆಗೆ" ಎಂದಳು.

ದೊಡ್ಡಮ್ಮ ಕೈಯಲ್ಲಿದ್ದ ಸುತ್ತಿಗೆಯನ್ನು ದಡಕ್ಕನೆ ಕೆಳಗಿಟ್ಟಳು.

"ಕರೀತಾಳಂತೆ! ನನ್ ಮಗ್ಳ ಮದ್ವೆಗೆ ನನ್ನೇ ಕರ್ಯಾಕೆ ನೀನ್ಯಾವಳೇ?"